ನಾಲಿಗೆಯಡಿಯ ನಾಲ್ಕು ಮಾತ್ರೆ

5-6-1997, ಗುರುವಾರ. ಬೆಳಿಗ್ಗೆ 7.20

ನಾಲ್ಕು ಮಾತ್ರೆ ನಾಲಿಗೆಯಡಿ. ಕಹಿ. ಇವತ್ತು ಕರಗಲು ಹೊತ್ತು ಹಿಡಿಯಿತು, ಬಾಯಿ ಒಣಗಿತ್ತೋ ಏನೋ. ಅಣ್ಣ ಬಾಗಿಲಿಗೆ ಒರಗಿ ವಾಚು ನೋಡುತ್ತ ನಿಂತಿದ್ದ. ಹತ್ತು ನಿಮಿಷ ಮಾತಾಡುವಂತಿಲ್ಲ, ಉಗುಳು ನುಂಗುವಂತಿಲ್ಲ.

"ಬಾಯಿ ತೆರಿ."

ತೆರೆದೆ. ನಾಲಿಗೆ ಎತ್ತಿ ತೋರಿಸಿದೆ. ನೋಡಿದ. ಉಳಿದ ಮಾತ್ರೆ ಕಪಾಟಿನೊಳಗಿಟ್ಟು ಬೀಗ ಹಾಕಿ ಹೊಸಂಗಡಿ ಪೇಟೆಗೆ, ತನ್ನ ಸೈಕಲ್ ಅಂಗಡಿಗೆ ಹೊರಟ. ಇನ್ನು ಸಂಜೆ ಬಂದು ಮತ್ತೆ ನಾಲ್ಕು. ಆಗಲೂ ಅದೇ ಎರಡು ಮಾತು.

ಹದಿನಾಲ್ಕು ವರ್ಷ ವಾರ್ಡಿನಲ್ಲಿ ನಾನು ಬೇರೆಯವರಿಗೆ ಹೇಳುತ್ತಿದ್ದ ಮಾತು ಅದು.

ಮಧ್ಯಾಹ್ನ 3

ಮಂಗಳೂರಿಗೆ ಹೋಗಿ ಬಂದೆ. ಪ್ರತಿ ಗುರುವಾರದ ಹಾಗೆ ಒಂದು ವಾರದ ಮಾತ್ರೆ. ಜೊತೆಗೆ ಡಾಕ್ಟರ್ ಕೃಷ್ಣಕುಮಾರರ ಕಾಗದ — ಗಡಿಯ ತಲಪಾಡಿ ಚೆಕ್‌ಪೋಸ್ಟಿನಲ್ಲಿ ಚೀಲ ನೋಡಿದರೆ ತೋರಿಸಲು. ಇದುವರೆಗೆ ಯಾರೂ ನೋಡಿಲ್ಲ. ಆದರೂ ಬಸ್ಸು ನಿಧಾನವಾದ ಕೂಡಲೇ ಕೈ ಬೆವರುತ್ತದೆ.

ಐದು ತಿಂಗಳಾಯಿತು, ನಿಲ್ಲಿಸುವುದು ಯಾವಾಗ ಎಂದು ಡಾಕ್ಟರರನ್ನು ಕೇಳಿದೆ.

"ತಿಂಗಳು ಎಣಿಸ್ಬೇಡಿ ಇಮೆಲ್ಡಾ. ಬೆಳಿಗ್ಗೆ ಎಂತ ತಿಂದ್ರಿ?"

"ಎಂತ ಇಲ್ಲ. ಚಾ."

"ಹಾಗಾದ್ರೆ ಮೊದಲು ತಿನ್ನುವುದು ಕಲಿಯಿರಿ. ನಿಲ್ಲಿಸುವ ಮಾತು ಆಮೇಲೆ."

9-6-1997

ಡಾಕ್ಟರರು ಎಲ್ಲ ಬರೆದಿಡಿ ಎಂದಿದ್ದಾರೆ. ಯಾರಿಗೂ ತೋರಿಸಬೇಕಾಗಿಲ್ಲವಂತೆ. ಸರಿ, ಬರೆಯುತ್ತೇನೆ.

1993. ರೋಗಿಯೊಬ್ಬರನ್ನು ಎತ್ತುವಾಗ ಬೆನ್ನು ಹಿಡಿಯಿತು. ಬಗ್ಗಲಾಗದು, ಡ್ಯೂಟಿ ಬಿಡಲೂ ಆಗದು. ಜೊತೆಯವಳೊಬ್ಬಳು ನೋವಿನ ಇಂಜೆಕ್ಷನ್ ಕೊಟ್ಟಳು. ನೋವು ಹೋಯಿತು. ನೋವಷ್ಟೇ ಹೋದದ್ದಲ್ಲ — ಹಾಸ್ಟೆಲಿನ ಆ ಕೋಣೆ, ಮೂವತ್ತೈದು ವರ್ಷ, ಬಂದು ನೋಡಿ ಹೋದ ಗಂಡುಗಳು, ಎಲ್ಲ ಸ್ವಲ್ಪ ಹೊತ್ತು ದೂರ ಹೋದವು. ಮರುದಿನ ಮತ್ತೆ ತೆಗೆದುಕೊಂಡೆ. ಆಮೇಲೆ ಪೆಥಿಡಿನ್, ಅಫೀಮಿನ ಜಾತಿಯ ನೋವಿನ ಮದ್ದು. ವಾರ್ಡಿನ ಮದ್ದಿನ ಕಪಾಟಿನ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು.

ಡಿಸೆಂಬರ್ 95ರಲ್ಲಿ ಸಿಕ್ಕಿಬಿದ್ದೆ. ಪೊಲೀಸರವರೆಗೆ ಹೋಗಲಿಲ್ಲ. ರಾಜೀನಾಮೆ ಪತ್ರವನ್ನು ಮೇಟ್ರನ್ನೇ ಹೇಳಿ ಬರೆಸಿದರು, ಸ್ಪೆಲ್ಲಿಂಗ್ ಸಹಿತ. ಆಮೇಲೆ ಒಂದು ವರ್ಷ ನಾನಾಗಿಯೇ ಬಿಡಲು ನೋಡಿದ್ದು. ಮೂರು ಸಲ ಬಿಟ್ಟೆ. ಮೂರು ಸಲವೂ ಆಗಲಿಲ್ಲ. ಈ ಜನವರಿಯಿಂದ ಅದನ್ನು ಬಿಡಿಸುವ ಈ ಮಾತ್ರೆ.

ಮಂಜೇಶ್ವರದಲ್ಲಿ ಎಲ್ಲರಿಗೂ ಗೊತ್ತಿರುವುದು ಇಷ್ಟೇ: ಸೈಕಲ್ ಅಂಗಡಿಯ ಸಾಲ್ವದೊರನ ತಂಗಿಗೆ ಬೆನ್ನುನೋವು, ಕೆಲಸ ಬಿಟ್ಟಿದ್ದಾಳೆ.

16-6-1997

ಗೋಡೆಯಾಚೆಯ ಮನೆ ಆಯಿಶುಮ್ಮನದು. ಅರವತ್ತು ದಾಟಿದೆ. ಗಂಡ ತೀರಿಹೋಗಿದ್ದಾರೆ, ಮಗ ಮೊಯಿನುದ್ದೀನ್ ಹೆಂಡತಿಯೊಂದಿಗೆ ದುಬೈಯಲ್ಲಿ. ಸಕ್ಕರೆ ಕಾಯಿಲೆ ಜೋರಾಗಿ ದಿನಾ ಇನ್ಸುಲಿನ್ ಚುಚ್ಚಬೇಕೆಂದಿದ್ದಾರಂತೆ. ಇವತ್ತು ಗೋಡೆಯ ಮೇಲಿಂದ ಕರೆದರು.

"ಸಿಸ್ಟರೇ, ನಿಮಗೆ ಎರಡು ನಿಮಿಷದ ಕೆಲಸ. ನನಗೆ ರಿಕ್ಷಾದಲ್ಲಿ ದಿನಾ ಆಸ್ಪತ್ರೆಗೆ ಹೋಗಿ ಹೋಗಿ ಸಾಕಾಯ್ತು."

"ನನಗೆ ಬಗ್ಗಲಿಕ್ಕೆ ಆಗುದಿಲ್ಲ ಆಯಿಶುಮ್ಮ. ಬೆನ್ನು."

"ನೀವು ಬಗ್ಗುದು ಎಂತಕ್ಕೆ? ನಾನು ಎತ್ತರದ ಸ್ಟೂಲಿನಲ್ಲಿ ಕೂರ್ತೇನೆ!"

ನಗು ಬಂತು. ನಾಳೆ ಹೇಳುತ್ತೇನೆ ಎಂದು ಒಳಗೆ ಬಂದೆ. ಕನ್ನಡಿಯಲ್ಲಿ ನೋಡಿದರೆ ಮುಖದಲ್ಲಿ ನಗು ಇರಲಿಲ್ಲ. ಒಂದೂವರೆ ವರ್ಷದ ಹಿಂದೆ ವಾರ್ಡಿನಿಂದ ಹೊರಬಿದ್ದವಳು. ಇನ್ನೊಬ್ಬರ ಮೈಗೆ ಸೂಜಿ ಹಿಡಿದು ಅಷ್ಟೇ ಕಾಲವಾಯಿತು.

19-6-1997, ಗುರುವಾರ

ಡಾಕ್ಟರರನ್ನು ಕೇಳಿದೆ. ಪೆನ್ನು ಕೆಳಗಿಟ್ಟರು.

"ಇನ್ಸುಲಿನ್ ಮೇಲೆ ನಿಮಗೆ ಆಸೆ ಬರ್ಲಿಕ್ಕಿಲ್ಲ. ಸೂಜಿ ಮೇಲೆ?"

"ಗೊತ್ತಿಲ್ಲ ಡಾಕ್ಟ್ರೇ."

"ಗೊತ್ತಿಲ್ಲ ಅಂದ್ರಲ್ಲ, ಅದು ಒಳ್ಳೇದು. ಮನೆಯಲ್ಲಿ ಅಣ್ಣನಿಗೆ ಹೇಳಿ, ಮತ್ತೆ ಶುರು ಮಾಡಿ."

ಅಣ್ಣನಿಗೆ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾನೆ. ಅಲ್ಲ... ಏನೂ ಹೇಳದೆ ವಾಚು ನೋಡುತ್ತಾನೆ. ಅದು ಇನ್ನೂ ಕಷ್ಟ.

21-6-1997

ಚುಚ್ಚಿದೆ. ಔಷಧಿ ಎಳೆಯುವಾಗ ಬಾಯಲ್ಲಿ ನೀರೂರಿತು. ನಾಚಿಕೆಯಾಯಿತು. ಕೈ ಮಾತ್ರ ತನ್ನ ಕೆಲಸ ಮಾಡಿತು, ಅದಕ್ಕೆ ಅಭ್ಯಾಸ.

"ಆಯ್ತಾ? ಗೊತ್ತೇ ಆಗ್ಲಿಲ್ಲ ಮಾರಾಯ್ತಿ! ಆ ಆಸ್ಪತ್ರೆಯವಳು ಗೋಣಿ ಹೊಲಿದ ಹಾಗೆ ಚುಚ್ಚುದು."

ಇನ್ಸುಲಿನ್ ಆದಮೇಲೆ ಅವರು ತಿನ್ನಲೇಬೇಕು. ಒಬ್ಬರೇ ತಿಂದರೆ ಸೇರುವುದಿಲ್ಲ ಎಂದು ನನ್ನನ್ನೂ ಕೂರಿಸಿದರು. ಅಕ್ಕಿ ರೊಟ್ಟಿಯಂಥ ತೆಳ್ಳಗಿನ ಪತ್ತಿರಿ, ಮೀನಿನ ಸಾರು. ಎರಡು ತಿಂದೆ. ಗುರುವಾರ ಡಾಕ್ಟರರಿಗೆ ಹೇಳಬೇಕು.

14-7-1997

ದಿನಾ ಎಂಟಕ್ಕೆ ಆಯಿಶುಮ್ಮನ ಮನೆ. ಆಮೇಲೆ ಸಂಜೆಯವರೆಗೆ ಮಾತಿಗೆ ಯಾರೂ ಇಲ್ಲ. ಅತ್ತಿಗೆ ಮಗ್ದಲಿನ್ ಮಾತಾಡುತ್ತಾರೆ — ಅನ್ನ ಆಯಿತು, ಬಟ್ಟೆ ತೆಗಿ. ನಾನು ಮುಟ್ಟಿದ ಲೋಟ ಬೇರೆ ಇಡುವುದೇನಿಲ್ಲ. ಆದರೆ ತಮ್ಮ ಪರ್ಸು ಮಾತ್ರ ಹೋದಲ್ಲೆಲ್ಲ ಕೈಯಲ್ಲಿ.

ಮಾತ್ರೆಯಿಂದ ಅಮಲು ಬರುವುದಿಲ್ಲ. ಬರಬಹುದೆಂದು ಮೊದಮೊದಲು ಆಸೆಪಟ್ಟಿದ್ದೆ. ಮೂಗು ಸೋರುವುದಿಲ್ಲ, ಕಾಲು ಸೆಳೆಯುವುದಿಲ್ಲ, ನಿದ್ದೆ ಬರುತ್ತದೆ, ಅಷ್ಟೇ. ಮೈ ಸುಮ್ಮನಾಯಿತು. ಸುಮ್ಮನಾದ ಮೇಲೆ ನೆನಪು ಶುರುವಾಯಿತು. ಇದನ್ನು ಡಾಕ್ಟರರೂ ಹೇಳಿರಲಿಲ್ಲ.

ಬೋಜ. ಕುಂಬಳೆ ಹತ್ತಿರದ ಅನಂತಪುರದವರು. ತೆಂಗಿನ ಮರ ಹತ್ತುವ ಕೆಲಸ. 95ರ ಅಕ್ಟೋಬರ್‌ನಲ್ಲಿ ನಮ್ಮ ವಾರ್ಡಿಗೆ ಬಂದರು. ಹೊಟ್ಟೆಯ ಕ್ಯಾನ್ಸರ್, ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಆರು ಗಂಟೆಗೊಮ್ಮೆ ಪೆಥಿಡಿನ್ ಎಂದು ಚಾರ್ಟಿನಲ್ಲಿ ಬರೆದಿತ್ತು.

ಮೊದಲು ಅರ್ಧ ಅವರಿಗೆ, ಅರ್ಧ ನನಗೆ. ಕೊನೆಯ ಒಂಬತ್ತು ದಿನ ನನ್ನ ಡ್ಯೂಟಿಯಲ್ಲಿ ಅವರಿಗೆ ಹೋದದ್ದು ಬರೀ ಡಿಸ್ಟಿಲ್ಡ್ ವಾಟರ್. ಪೂರ್ತಿ ನನಗೆ. ಚಾರ್ಟಿನಲ್ಲಿ ನನ್ನ ಸಹಿ.

"ಸಿಸ್ಟರೇ, ಇವತ್ತಿನ ಮದ್ದು ಹಿಡಿಯಲಿಲ್ಲ" ಎನ್ನುತ್ತಿದ್ದರು. ದೂರುವ ದನಿಯಲ್ಲ. ತನ್ನ ಮೈಯದ್ದೇ ತಪ್ಪು ಎನ್ನುವ ಹಾಗೆ.

ಮಗಳು ಕಿನ್ನಿ, ಇಪ್ಪತ್ತೆರಡಿರಬಹುದು, ಮಂಚದ ಅಡಿಯಲ್ಲಿ ಚಾಪೆ ಹಾಕಿ ಮಲಗುತ್ತಿದ್ದಳು. ಅಪ್ಪ ಹೋದ ದಿನ ನನ್ನ ಕೈ ಹಿಡಿದು ಅತ್ತಳು — "ನೀವಿದ್ದದ್ದಕ್ಕೆ ಅಪ್ಪ ಅಷ್ಟಾದ್ರೂ ತಡ್ಕೊಂಡ್ರು." ಆಗ ನನ್ನ ರಕ್ತದಲ್ಲಿ ಅವಳ ಅಪ್ಪನ ಮದ್ದಿತ್ತು. ಹಾಯಾಗಿದ್ದೆ.

ಇಷ್ಟು ಬರೆದದ್ದು ಇದೇ ಮೊದಲು. ಪಾದ್ರಿಗೆ ಕೂಡ ಹೇಳಿಲ್ಲ.

3-8-1997, ಭಾನುವಾರ

ಇಗರ್ಜಿಯ ಪೂಜೆ ಮುಗಿಸಿ ಬಂದು ಅತ್ತಿಗೆ ಮಾತು ತೆಗೆದರು. ತೆಂಕು ಕೇರಳದ ಒಂದು ಕಡೆ ಧ್ಯಾನಕೂಟ ಇದೆಯಂತೆ, ಆರು ದಿನ. ಕುಡುಕರೆಲ್ಲ ಬಿಟ್ಟು ಬಂದಿದ್ದಾರಂತೆ.

"ಆ ಮಾತ್ರೆ ಎಷ್ಟು ದಿನ ಇಮೆಲ್ಡಾ? ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದದ್ದಲ್ವಾ ಇದು?"

ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ.

ಅತ್ತಿಗೆಯ ಮೇಲೆ ಸಿಟ್ಟು ಬರಲಿಲ್ಲ. ನಾನೂ ಒಳಗೊಳಗೆ ಕೇಳಿಕೊಳ್ಳುತ್ತಿದ್ದದ್ದು ಅದನ್ನೇ. ಬೀಗ ಇಲ್ಲದೆ, ಬಾಯಿ ತೆರೆಯದೆ ಒಂದು ಬೆಳಿಗ್ಗೆ... ಹೋಗುತ್ತೇನೆ ಎಂದೆ. ಡಾಕ್ಟರರಿಗೆ ಬೆನ್ನುನೋವಿನ ಆಯುರ್ವೇದಕ್ಕೆ ಹೋಗುತ್ತೇನೆ ಎಂದು ಸುಳ್ಳು ಹೇಳುವುದು.

10-8-1997

ಮಾತ್ರೆ ಕಪಾಟಿನಲ್ಲೇ ಬಿಟ್ಟು ಹೊರಟೆ. ಆಯಿಶುಮ್ಮ ಗೇಟಿನ ತನಕ ಬಂದು "ಬೇಗ ಬನ್ನಿ, ಗೋಣಿ ಹೊಲಿಯುವವಳ ಕೈಗೆ ಬಿಟ್ಟು ಹೋಗ್ತಿದ್ದೀರಿ" ಎಂದರು.

19-8-1997

ಬಂದು ಮೂರು ದಿನವಾಯಿತು. ಬರೆಯಲು ಕೈ ಬರುತ್ತಿಲ್ಲ.

ಅಲ್ಲಿ ಎರಡನೇ ದಿನಕ್ಕೆ ಶುರು. ಕಣ್ಣು ಮೂಗು ಸೋರುವುದು, ಮೈಯೆಲ್ಲ ನವಿರೇಳುವುದು, ಕಾಲು ಎಲ್ಲಿಟ್ಟರೂ ನಿಲ್ಲದು. ಪಕ್ಕದಲ್ಲಿದ್ದವರು ಪಶ್ಚಾತ್ತಾಪದ ಕಣ್ಣೀರೆಂದು ತಿಳಿದು ತಲೆ ಸವರಿದರು. ನಾನೂ ಹಾಗೆಂದು ನಂಬಲು ನೋಡಿದೆ. ಕೊನೆಯ ದಿನ ವೇದಿಕೆಗೆ ಕರೆದರು. ಮೈಕಿನ ಮುಂದೆ ನಿಂತು ನಾನು ಬಿಡುಗಡೆಯಾದೆ ಎಂದೆ. ಎಲ್ಲರೂ ಚಪ್ಪಾಳೆ. ಆಗಲೂ ಮೂಗು ಸೋರುತ್ತಿತ್ತು.

ಅತ್ತಿಗೆ ಪಾಯಸ ಮಾಡಿದ್ದಾರೆ. ಇವತ್ತು ಪರ್ಸು ಮೇಜಿನ ಮೇಲೇ ಇತ್ತು. ಈಗ ಇವರಿಗೆ ಹೇಗೆ ಹೇಳುವುದು?

23-8-1997

ಆಯಿಶುಮ್ಮನ ಡಬ್ಬಿಯಿಂದ ಒಂದು ಸಿರಿಂಜ್ ತೆಗೆದೆ. ಅವರು ಪತ್ತಿರಿ ತರಲು ಒಳಗೆ ಹೋಗಿದ್ದರು.

9-9-1997

ಬದುಕಿದ್ದೇನೆ.

ನಿನ್ನೆ ಮೊಂತಿ ಹಬ್ಬ, ನಮ್ಮ ತೆನೆಹಬ್ಬ. ಹೊಸ ಅಕ್ಕಿಯ ಊಟಕ್ಕೆ ಎಲ್ಲರೊಂದಿಗೆ ಕೂತೆ. ಅಣ್ಣ ಹೊಸ ಭತ್ತದ ಕಾಳು ಬೆರೆಸಿದ ಹಾಲನ್ನು ಮೊದಲು ನನ್ನ ಲೋಟಕ್ಕೆ ಸುರಿದ. 

ನಡೆದದ್ದು ಇಷ್ಟು. ಸಿರಿಂಜ್ ತೆಗೆದ ದಿನವೇ ಮೆಡಿಕಲ್ ಶಾಪಿನಲ್ಲಿ ನರ್ಸ್ ಎಂದೆ, ನೋವಿನ ಇಂಜೆಕ್ಷನ್ ಕೊಡಲು ಚೀಟಿ ಕೇಳಲಿಲ್ಲ. ಎರಡು ದಿನ ಯಾರಿಗೂ ತಿಳಿಯಲಿಲ್ಲ. ಮೂರನೆಯ ಸಲ ಹಳೆಯ ಕಾಲದಲ್ಲಿ ತೆಗೆದುಕೊಳ್ಳುತ್ತಿದ್ದಷ್ಟೇ ತೆಗೆದುಕೊಂಡೆ. ಮೈಗೆ ಅದರ ಅಭ್ಯಾಸ ತಪ್ಪಿದೆ ಎಂಬುದು ನೆನಪಾಗಲಿಲ್ಲ. ನರ್ಸಿಗೇ ನೆನಪಾಗಲಿಲ್ಲ. ಅಂದು ಯಾಕೋ ಮಧ್ಯಾಹ್ನವೇ ಊಟಕ್ಕೆ ಬಂದ ಅಣ್ಣ ಬಚ್ಚಲಿನ ಬಾಗಿಲು ಒಡೆದನಂತೆ. ತುಟಿ ನೀಲಿಯಾಗಿತ್ತಂತೆ. ರಿಕ್ಷಾದಲ್ಲಿ ಮಂಗಳೂರಿನ ತನಕ ನನ್ನ ಕೆನ್ನೆಗೆ ಹೊಡೆಯುತ್ತ, ಉಸಿರು ತೆಗಿ, ಉಸಿರು ತೆಗಿ ಎನ್ನುತ್ತ ಬಂದನಂತೆ. ಒಂದೇ ದಿನದಲ್ಲಿ ಅಷ್ಟು ಮಾತಾಡಿದ್ದಾನೆ. ನನಗೊಂದೂ ಕೇಳಿಸಲಿಲ್ಲ.

ಎಚ್ಚರವಾದಾಗ ಅತ್ತಿಗೆ ಮಂಚದ ಕಾಲು ಹಿಡಿದು ಕೂತಿದ್ದರು. "ನಾನೇ ಕಳಿಸಿದ್ದು... ನಾನೇ ಕಳಿಸಿದ್ದು..."

ಡಾಕ್ಟರ್ ಕೃಷ್ಣಕುಮಾರ್ ಬಂದರು. ಬೈಗುಳಕ್ಕೆ ಕಾದೆ.

"ಮಾತ್ರೆ ನಿಲ್ಲಿಸಿದ್ದು ತಪ್ಪು. ನೀವೇ ತಪ್ಪು ಅಂತ ನಾನು ಹೇಳುದಿಲ್ಲ. ಅದು ಬೇರೆ, ಇದು ಬೇರೆ. ಮೇಡಂ, ನೀವೂ ಕೇಳಿ" — ಅತ್ತಿಗೆಯ ಕಡೆ ತಿರುಗಿದರು — "ಇದು ಒಂದು ಚಟ ಬಿಟ್ಟು ಇನ್ನೊಂದು ಅಲ್ಲ. ಇದು ಇದ್ದರೆ ಇವರು ಬೆಳಿಗ್ಗೆ ಎದ್ದು ಮುಖ ತೊಳೀತಾರೆ. ಇಲ್ಲದಿದ್ರೆ ಎಂತ ಆಗ್ತದೆ ನೀವೇ ನೋಡಿದ್ರಿ."

ಮತ್ತೆ ನಾಲ್ಕು, ನಾಲ್ಕು.

20-9-1997

ಆಯಿಶುಮ್ಮನಿಗೆ ಹೇಳಿದೆ. ಯಾಕೆ ಕೆಲಸ ಹೋಯಿತು, ಯಾವ ಮಾತ್ರೆ, ಅವರ ಡಬ್ಬಿಯ ಸಿರಿಂಜ್ ಎಲ್ಲಿ ಹೋಯಿತು. ಒಂದೇ ಉಸಿರಿಗೆ ಹೇಳಿದೆ. ಸ್ಟೂಲಿನ ಮೇಲೆ ಕೂತೇ ಕೇಳಿದರು. ತಲೆಯ ವಸ್ತ್ರ ಎಳೆದುಕೊಂಡರು.

"ಈಗ ಹೋಗಿ ಸಿಸ್ಟರೇ."

ಪತ್ತಿರಿ ಮುಚ್ಚಿಟ್ಟ ತಟ್ಟೆ ಹಾಗೇ ಇತ್ತು. ಬಂದೆ.

29-9-1997

ಒಂಬತ್ತು ದಿನ. ದಿನಾ ಎಂಟಕ್ಕೆ ಅವರ ಗೇಟಿನ ಮುಂದೆ ರಿಕ್ಷಾ ಬರುತ್ತದೆ, ಆಸ್ಪತ್ರೆಗೆ ಹೋಗುತ್ತದೆ. ನಾನು ಈಚೆ ಬಟ್ಟೆ ಹರವುತ್ತೇನೆ. ಒಣಗಿದ್ದನ್ನೂ ಮತ್ತೆ ಹರವಿದ್ದುಂಟು.

ಇವತ್ತು ಗೋಡೆಯ ಮೇಲೆ ಮುಖ ಕಂಡಿತು.

"ಮಗ ಫೋನಿನಲ್ಲಿ ಜೋರು ಮಾಡಿದ. ನಿಮ್ಮ ಕೈಯಿಂದ ಚುಚ್ಚಿಸಿಕೊಳ್ಳಬಾರದಂತೆ."

"ಸರಿ ಆಯಿಶುಮ್ಮ."

"ಎಂತ ಸರಿ? ನಾನು ದಿನಾ ರಿಕ್ಷಾದಲ್ಲಿ ಕುಲುಕಿ ಸಾಯುದಾ? ಚುಚ್ಚುದು ನಾನೇ. ಕಲಿಸುದು ನೀವು. ಅದಕ್ಕೆ ಅವ ಎಂತ ಹೇಳಲಿಲ್ಲ."

ನೇಂದ್ರ ಬಾಳೆಹಣ್ಣಿನ ಮೇಲೆ ಕಲಿಸಿದೆ. ಸಿರಿಂಜಿಗೆ ನೀರು ತುಂಬಿ ಆರು ಸಲ. ಏಳನೆಯದಕ್ಕೆ ಹಣ್ಣು ಒಡೆದು ಇಬ್ಬರ ಕೈಗೂ ಅಂಟಿತು. "ಪಾಪ, ಇದಕ್ಕೆ ಸಕ್ಕರೆ ಕಡಿಮೆ ಆಯ್ತು" ಎಂದರು.

ನಾನು ಸಿರಿಂಜ್ ಮುಟ್ಟಿದಾಗಲೆಲ್ಲ ಅವರ ಕಣ್ಣು ನನ್ನ ಕೈಯ ಮೇಲೆ. ಅದು ಸರಿಯೇ.

7-10-1997

ನಿನ್ನೆ ಆಯಿಶುಮ್ಮ ತಾವೇ ಹೊಟ್ಟೆಗೆ ಚುಚ್ಚಿಕೊಂಡರು. ಸರಿಯಾಗಿ. ಅಲ್ಲಿಗೆ ನನ್ನ ಕೆಲಸ ಮುಗಿಯಿತು.

ಇವತ್ತು ಎಂಟು, ಎಂಟೂವರೆ... ಹೋಗಲಿಲ್ಲ. ಒಂಬತ್ತಕ್ಕೆ ಕೂಗಿದರು.

"ಎಂತ ಬರ್ಲಿಲ್ಲ?"

"ಕೆಲಸ ಇಲ್ಲ ಅಲ್ವಾ ಇನ್ನು."

"ಕೆಲಸಕ್ಕೆ ಮಾತ್ರ ಬರುವವರಾ ನೀವು?"

ಹೋದೆ. ತಿಂದೆವು. ಆಮೇಲೆ ಬೋಜನ ವಿಷಯ ಹೇಳಿದೆ. ಹೇಳಬೇಕೆಂದು ಹೋದದ್ದಲ್ಲ.

ಅವರು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟರು. ಕೊನೆಗೆ ಎಂದರು: "ಸಿರಿಂಜ್ ನನ್ನದು. ಅದನ್ನು ನಾನು ಬಿಟ್ಟುಕೊಟ್ಟೆ. ಇದು ನನ್ನದಲ್ಲ ಸಿಸ್ಟರೇ. ಇದಕ್ಕೆ ನಾನು ಎಂತ ಹೇಳ್ಲಿ?"

16-10-1997, ಗುರುವಾರ

ಡಾಕ್ಟರರಿಗೂ ಹೇಳಿದೆ. ಕಿನ್ನಿಯ ಮನೆಗೆ ಹೋಗಿ ಹೇಳಿ ಬರಬೇಕೆಂದಿದ್ದೇನೆ ಎಂದೆ.

"ಯಾರಿಗೋಸ್ಕರ? ಅವಳಿಗೋ, ನಿಮಗೋ?"

ಚೆಕ್‌ಪೋಸ್ಟಿನ ಕಾಗದವನ್ನು ಮಡಚಿದೆ, ಮತ್ತೆ ಬಿಡಿಸಿದೆ.

"ಅವಳ ಅಪ್ಪ ನೋವಿಲ್ಲದೆ ಹೋದ್ರು ಅಂತ ಅವಳು ನೆಮ್ಮದಿಯಲ್ಲಿದ್ರೆ? ಅದನ್ನು ಕಿತ್ತುಕೊಂಡ ಹಾಗೆ ಆಗ್ತದೆ."

"ನೋವಿಲ್ಲದೆ ಹೋಗ್ಲಿಲ್ಲ ಡಾಕ್ಟ್ರೇ. ಅವಳು ಮಂಚದ ಅಡಿಯಲ್ಲೇ ಇದ್ದದ್ದು. ಎಲ್ಲ ಕೇಳಿಸಿಕೊಂಡಿದ್ದಾಳೆ. ಯಾಕೆ ಅಂತ ಮಾತ್ರ ಅವಳಿಗೆ ಗೊತ್ತಿಲ್ಲ."

ಕನ್ನಡಕ ತೆಗೆದು ಒರೆಸಿದರು. ಹೋಗಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಹೋಗುವ ದಿನ ಬೆಳಗಿನ ಮಾತ್ರೆ ತಪ್ಪಿಸಬೇಡಿ, ಬಂದ ದಿನ ಒಬ್ಬರೇ ಇರಬೇಡಿ ಎಂದರು.

2-11-1997, ಭಾನುವಾರ

ಸತ್ತವರ ಹಬ್ಬ. ಅಪ್ಪ ಅಮ್ಮನ ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚಿದೆವು. ಒಂದು ಬತ್ತಿ ಹೆಚ್ಚು ಉಳಿಯಿತು. ಬೋಜನನ್ನು ಸುಟ್ಟಿರಬೇಕು. ಎಲ್ಲಿ ಹಚ್ಚುವುದು? ಚೀಲದಲ್ಲೇ ಇಟ್ಟುಕೊಂಡು ಬಂದೆ.

ಶನಿವಾರ ಅನಂತಪುರಕ್ಕೆ ಹೋಗುತ್ತೇನೆ ಎಂದು ಅಣ್ಣನಿಗೆ ಹೇಳಿದೆ. ಯಾಕೆಂದೂ ಹೇಳಿದೆ. ಈ ಸಲ ಸುಳ್ಳಿಲ್ಲ.

"ನಾನು ಬರ್ಬೇಕಾ?"

"ಬೇಡ."

ತಲೆಯಾಡಿಸಿದ. ಸ್ವಲ್ಪ ಹೊತ್ತಾದ ಮೇಲೆ ಅಂಗಳದಿಂದ ತಿರುಗಿ ಬಂದು, "ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಇರ್ತೇನೆ" ಎಂದ.

8-11-1997, ಶನಿವಾರ. ಸಂಜೆ

ಈಗಲೇ ಬರೆಯದಿದ್ದರೆ ನಾಳೆ ಬೇರೆ ಥರ ಬರೆದೇನು.

ಬಂದ್ಯೋಡು, ಕುಂಬಳೆ, ಅಲ್ಲಿಂದ ಬೇರೆ ಬಸ್ಸು. ಬೋಜನ ಮನೆ ಎಂದು ಒಂದು ಅಂಗಡಿಯಲ್ಲಿ ಕೇಳಿದೆ, ಗುಡ್ಡದ ಕಡೆ ಕೈ ತೋರಿಸಿದರು. ಹೆಂಚಿನ ಸಣ್ಣ ಮನೆ. ಅಂಗಳದಲ್ಲಿ ಕಿನ್ನಿ ಮೆಣಸು ಒಣಗಿಸುತ್ತಿದ್ದಳು. ಹೇಗೆ ಗುರುತು ಹೇಳಲಿ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಅಗತ್ಯ ಬೀಳಲಿಲ್ಲ.

"ನಮ್ಮ ಸಿಸ್ಟರ್ ಅಲ್ವಾ! ಎಷ್ಟು ಸಪೂರ ಆಗಿದ್ದೀರಿ! ಬನ್ನಿ, ಬನ್ನಿ..."

ಕುರ್ಚಿ ಒರೆಸಿ ಹಾಕಿದಳು. ಬೆಲ್ಲ, ನೀರು. ಮದುವೆಯಾಗಿದೆಯಂತೆ. ಗಂಡ ಗುಣಪಾಲ, ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಫ್ಯಾಕ್ಟರಿಗೆ ಕೆಲಸಕ್ಕೆ ಹೋಗಿದ್ದಾನಂತೆ. ಗೋಡೆಯಲ್ಲಿ ಬೋಜನ ಫೋಟೊ. ಮೈ ತುಂಬಿದ್ದ ಕಾಲದ್ದು. ಆ ಮುಖ ನಾನು ನೋಡಿರಲಿಲ್ಲ.

ನೀರು ಕುಡಿಯಲಿಲ್ಲ. ಕುಡಿದರೆ ಹೇಳಲಾಗುವುದಿಲ್ಲ ಅನಿಸಿತು.

"ಕಿನ್ನಿ, ನಿನ್ನ ಅಪ್ಪನಿಗೆ ಬರೆದಿದ್ದ ಮದ್ದು ನಾನು ಕೊಡ್ಲಿಲ್ಲ. ನಾನು ತಗೊಂಡೆ. ಅವರಿಗೆ ನೀರು ಚುಚ್ಚಿದೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಎಷ್ಟು ಕಷ್ಟವೆಂದು ಯಾರಿಗೂ ಗೊತ್ತಾಗದಿರಲಿ.

"ಕೊನೇ ದಿನ?"

"ಕೊನೇ ದಿನವೂ."

"ಅಪ್ಪ ಕೂಗುವಾಗ ನಿಮಗೆ ಕೇಳ್ತಿತ್ತಾ?"

"ಕೇಳ್ತಿತ್ತು."

 ಎದ್ದು ಹೋಗಿ ಅಂಗಳದ ಮೆಣಸನ್ನು ಕೈಯಿಂದ ಹರವತೊಡಗಿದಳು. ಹರವಿದ್ದನ್ನೇ ಮತ್ತೆ. ನಾನು ಕುರ್ಚಿಯಲ್ಲೇ ಕೂತಿದ್ದೆ. ಕ್ಷಮಿಸು ಎಂದು ಕೇಳಲು ಹೋಗಿದ್ದವಳು. ಕೇಳಲಿಲ್ಲ. ಕೇಳಿದ್ದರೆ ಅವಳ ಮೇಲೆ ಇನ್ನೊಂದು ಹೊರೆ ಹಾಕಿದ ಹಾಗೆ.

"ನೀವಿನ್ನು ಹೋಗಿ" ಎಂದಳು. ನನ್ನ ಕಡೆ ನೋಡದೆ.

ಗುಡ್ಡ ಇಳಿದು ರಸ್ತೆಗೆ ಬಂದೆ. ಬಸ್ಸಿಲ್ಲ. ಹಿಂದಿನಿಂದ ಓಡಿ ಬರುವ ಸದ್ದು. ಅವಳೇ. ಕೈಯಲ್ಲಿ ನಾನು ಮರೆತ ಕೊಡೆ. ಕೊಟ್ಟಳು. ಕೊಟ್ಟ ಮೇಲೂ ಹೋಗಲಿಲ್ಲ. ಏದುಸಿರು ಬಿಡುತ್ತ ನಿಂತಳು. ಮೂಗಿನ ಬದಿಯಲ್ಲಿ ಮೆಣಸಿನ ಪುಡಿ ಹತ್ತಿತ್ತು, ಕಣ್ಣು ಕೆಂಪು.

"ಈಗಲೂ ತಗೊಳ್ತೀರಾ, ಅದನ್ನು?"

"ಇಲ್ಲ. ಅದು ಬಿಡಲಿಕ್ಕೆ ಬೇರೆ ಮಾತ್ರೆ ಕೊಟ್ಟಿದ್ದಾರೆ. ದಿನಾ ತಗೊಳ್ಬೇಕು."

"ಎಷ್ಟು ದಿನ?"

"ಗೊತ್ತಿಲ್ಲ. ತುಂಬ ದಿನ."

ನನ್ನನ್ನೇ ನೋಡಿದಳು.

"ಬಿಡಬೇಡಿ" ಎಂದಳು.

ಅಷ್ಟೇ. ತಿರುಗಿ ಗುಡ್ಡ ಹತ್ತಿದಳು. ಬಸ್ಸು ಬಂತು, ಹತ್ತಿದೆ. ಅಣ್ಣ ಬಸ್‌ಸ್ಟ್ಯಾಂಡಿನಲ್ಲಿ ಸೈಕಲ್ ಹಿಡಿದು ನಿಂತಿದ್ದ, ಇಬ್ಬರೂ ಸೈಕಲ್ ತಳ್ಳಿಕೊಂಡು ನಡೆದೇ ಬಂದೆವು, ಅವನು ಏನೂ ಕೇಳಲಿಲ್ಲ, ನಾನು ಪೂರ್ತಿ ಹೇಳಿದೆ. ಹೇಳುವಾಗಲೂ ತಲೆಯಲ್ಲಿ ಅದೇ ಒಂದು ಮಾತು, ಬಿಡಬೇಡಿ. ಅವಳ ದನಿ ನೆನಪು ಮಾಡಿಕೊಳ್ಳುತ್ತಿದ್ದೇನೆ. ಶಿಕ್ಷೆ ಕೊಟ್ಟ ಹಾಗೆ ಹೇಳಿದಳೋ, ಇಲ್ಲ, ಮನೆಯವರಿಗೆ ಹೇಳುವ ಹಾಗೆ — ಅಣ್ಣ ಕರೆಯುತ್ತಿದ್ದಾನೆ, ಸಂಜೆಯ ನಾಲ್ಕು ಮಾತ್ರೆ.